ಒಬ್ಬರಿಗೆ ಪೂರಾ, ಒಬ್ಬರಿಗೆ ಅರ್ಧ

ಉಮರಗಾದ ಕಿರಾಣಿ ವ್ಯಾಪಾರಿ ಮನ್ಮಥಪ್ಪನವರ ಮನೆಯಲ್ಲಿ ಆ ಚಳಿಗಾಲ ಯಾರೂ 'ಅರ್ಧ' ಎಂಬ ಮಾತು ಎತ್ತುವಂತಿರಲಿಲ್ಲ.

"ಅತ್ತೀ, ಇನ್ನ ಅರ್ಧಾ ರೊಟ್ಟಿ ಹಾಕಲೇನ್ರಿ?" ಎಂದು ಸೊಸೆ ಮಂಗಲಾ ಕೇಳಿದ್ದಕ್ಕೆ ಕುಸುಮಬಾಯಿ ತಾಟನ್ನೇ ಸರಿಸಿಬಿಟ್ಟರು.

"ಹೌದವಾ, ನನಗ ಎಲ್ಲಾ ಅರ್ಧಾನೇ ಸಾಕು. ಪೂರಾದ್ದು ನಿಮ್ಮವ್ವಗ."

ದೀಪಾವಳಿ ಮುಗಿದ ವಾರದಲ್ಲಿ ಕುಸುಮಬಾಯಿ ಬಚ್ಚಲ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದರು. ಸೊಂಟದ ಕೀಲಿನ ಹತ್ತಿರ ತೊಡೆಯ ಎಲುಬು ಮುರಿದಿತ್ತು. ಮಗ ರವಿಕಾಂತ ಆ ಮಧ್ಯಾಹ್ನವೇ ಗಾಡಿ ಮಾಡಿಕೊಂಡು ಸೊಲ್ಲಾಪುರಕ್ಕೆ ಒಯ್ದ. ಡಾಕ್ಟರು ಮುರಿದ ಎಲುಬಿನ ಗುಂಡನ್ನು ತೆಗೆದು ಲೋಹದ ಗುಂಡು ಕೂಡಿಸಿದರು. ಆ ಗುಂಡು ಕೂರುವ ಬಟ್ಟಲು ಹುಟ್ಟಿನಿಂದ ಬಂದದ್ದು, ಗಟ್ಟಿಯಾಗಿತ್ತು. ಅದನ್ನು ಅವರು ಮುಟ್ಟಲಿಲ್ಲ. ಇಂಥ ಆಪರೇಶನ್ನಿಗೆ ಅರ್ಧ ಬದಲಿ ಎನ್ನುತ್ತಾರೆಂದು ದವಾಖಾನೆಯಲ್ಲಿ ಯಾರೋ ಹೇಳಿದರು. ಅಷ್ಟೆಲ್ಲ ಮಾತಿನಲ್ಲಿ ಕುಸುಮಬಾಯಿ ಆ 'ಅರ್ಧ' ಒಂದನ್ನು ಮಾತ್ರ ಮನೆಗೆ ತಂದರು.

ಮಂಗಲಾಳ ತಾಯಿ ರಂಭಾಬಾಯಿಯ ಸಂಗತಿ ಬೇರೆ. ಅವರು ವಲಾಂಡಿಯ ಒಕ್ಕಲು ಮನೆತನದವರು. ಅವರ ಕೀಲು ವರ್ಷಗಟ್ಟಲೆ ಸವೆದು, ಗುಂಡು ಬಟ್ಟಲು ಎರಡೂ ಕೆಟ್ಟಿದ್ದವು. ಶ್ರಾವಣದಲ್ಲಿ ಲಾತೂರಿಗೆ ಹೋಗಿ ಎರಡನ್ನೂ ಬದಲಿಸಿಕೊಂಡು ಬಂದರು. ಹೋಗುವ ಮೊದಲೇ ಒಂದಷ್ಟು ದಿನ ಕಾಲಿನ ವ್ಯಾಯಾಮ ಮಾಡಿ ಸಿದ್ಧವಾಗಿದ್ದರು. ಅವರಿಗೆ ಕೊಯ್ದದ್ದು ಸೊಂಟದ ಮುಂದಿನಿಂದ, ಕುಸುಮಬಾಯಿಗೆ ಹಿಂದಿನಿಂದ. ಅದಕ್ಕೇ ಕುಸುಮಬಾಯಿಗೆ ಕಟ್ಟಳೆ ಹೆಚ್ಚು: ನೆಲದ ಮೇಲೆ ಕೂರಬಾರದು, ಕಾಲ ಮೇಲೆ ಕಾಲು ಹಾಕಬಾರದು, ಬಗ್ಗಿ ಏನನ್ನೂ ಎತ್ತಬಾರದು. ಬಗ್ಗಿದರೆ ಗುಂಡು ಬಟ್ಟಲಿನಿಂದ ಜಾರೀತೆಂಬ ಭಯ.

ಅತ್ತೆಗೆ ಧೈರ್ಯ ಬರಲೆಂದು ಮಂಗಲಾ ಹೇಳಿದಳು, "ನಮ್ಮವ್ವ ದಸರಾಕ್ಕೇ ಕೋಲ ಬಿಟ್ಟಾಳ್ರಿ. ಈಗ ಹೊಲಕ್ಕ ಬುತ್ತಿ ಒಯ್ಲತ್ತಾಳ. ನಿಮ್ಮದೂ ಹಂಗೇ ಆಗ್ತದ."

"ಹಂಗೇ ಹ್ಯಾಂಗ ಆಗ್ತದ? ಆಕಿಗಿ ಪೂರಾ ಹಾಕ್ಯಾರ, ನನಗ ಅರ್ಧಾ. ಪೂರಾ ಬ್ಯಾಡ ಅಂದವರು ಯಾರು? ನೀನೋ, ನಿನ್ನ ಗಂಡನೋ?"

ರವಿಕಾಂತ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಅವ್ವಾ, ಯಾರೂ ಬ್ಯಾಡ ಅಂದಿಲ್ಲ. ಡಾಕ್ಟರು ಯಾವುದು ಬರಾಬರ ಅಂದ್ರು, ಅದೇ ಮಾಡ್ಯದ."

"ಡಾಕ್ಟರು ಕೇಳೋದು ರೊಕ್ಕಾ ಕೊಡವರಿಗಿ."

ಮನ್ಮಥಪ್ಪನವರು ಮಜ್ಜಿಗೆಯ ಬಟ್ಟಲು ಕೆಳಗಿಟ್ಟರು. "ಏ ರವ್ಯಾನ ಅವ್ವಾ, ಬಾಗಲಾ ಮುರದದ, ಬಾಗಲಾ ಬದಲಿ ಮಾಡ್ಯಾರ. ಚೌಕಟ್ಟ ಛಲೋ ಇದ್ದಾಗ ಅದನ್ಯಾಕ ಕೀಳಬೇಕು?"

"ನೀವು ಬೆಲ್ಲಾ ತೂಗ್ರಿ. ಡಾಕ್ಟರಕಿ ನಿಮಗ ಬ್ಯಾಡ."

ಮೊಮ್ಮಗಳು ಸಪನಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮಂಗಲಾ ನಗಲಿಲ್ಲ. ತಾಟು ಎತ್ತಿಕೊಂಡು ಒಳಗೆ ಹೋದಳು.

ಆದರೂ ಆಗ ಕುಸುಮಬಾಯಿ ನಡೆಯುತ್ತಿದ್ದರು. ಬೈಯುತ್ತ ಬೈಯುತ್ತಲೇ ವಾಕರು ಹಿಡಿದು ಮಂಚದಿಂದ ಬಾಗಿಲಿಗೆ, ಬಾಗಿಲಿನಿಂದ ಅಂಗಳದ ನಳಕ್ಕೆ ಹೋಗಿ ಬರುತ್ತಿದ್ದರು. ಎದ್ದು ಕೂರಲು ಸುಲಭವಾಗಲೆಂದು ಮಂಗಲಾ ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟಿದ್ದಳು. ಲಿಂಗಪೂಜೆಗೆ ಕೈಯುಳ್ಳ ಎತ್ತರದ ಕುರ್ಚಿ ತರಿಸಿದ್ದಳು. ಸಪನಾ ವಾಕರಿಗೆ ಒಂದು ಬಟ್ಟೆಯ ಚೀಲ ಹೊಲಿದು ಕಟ್ಟಿದ್ದಳು, ಅಜ್ಜಿಯ ಕನ್ನಡಕ, ಫೋನು ಇಡಲು. ಮುಟ್ಟಿದರೆ ಅತ್ತೆಗೆ ಸಿಟ್ಟು ಬರುತ್ತದೆಂದು ಮಂಗಲಾ ಒಂದು ಮಾರು ಹಿಂದೆ, ಕೈ ಚಾಚಿಕೊಂಡು ನಡೆಯುತ್ತಿದ್ದಳು. ಕುಸುಮಬಾಯಿಗೆ ಅದು ಗೊತ್ತಿತ್ತು. ಗೊತ್ತಿಲ್ಲದಂತೆ ಇರುತ್ತಿದ್ದರು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಜಿಯೋಥೆರಪಿಯ ಹುಡುಗಿ ಯೋಗಿತಾ, "ಆಜಿ, ಹೀಗೇ ನಡೆದರೆ ಶಿವರಾತ್ರಿಯ ಹೊತ್ತಿಗೆ ವಾಕರು ಅಟ್ಟಕ್ಕೆ" ಎಂದು ಹೇಳಿ ಹೋಗಿದ್ದಳು.

ಎಳ್ಳು ಅಮಾವಾಸ್ಯೆಯ ಹಬ್ಬ ಎಳ್ಳಮಾಸಿ ಮುಗಿದ ಮರುದಿನ ರಂಭಾಬಾಯಿ ಬೀಗತಿಯನ್ನು ನೋಡಲು ಬಂದರು. ಹೊಲದಲ್ಲಿ ಹಬ್ಬಕ್ಕೆ ಕಾಳು, ತರಕಾರಿ ಕೂಡಿಸಿ ಮಾಡಿದ ಭಜ್ಜಿಪಲ್ಯದ ಡಬ್ಬಿ, ಅಂಬಲಿಯ ಕ್ಯಾನು ಜೊತೆಗಿದ್ದವು. ವಲಾಂಡಿಯಿಂದ ನಿಲಂಗಾ, ಅಲ್ಲಿಂದ ಕಾಸಾರಶಿರಸಿಯ ಮೇಲೆ ಉಮರಗಾ, ಎರಡು ಬಸ್ಸಿನ ದಾರಿ.

ಮನ್ಮಥಪ್ಪನವರ ದುಕಾನು ಓಣಿಯ ಬಾಯಲ್ಲೇ ಇತ್ತು. ಗಾದಿಯ ಮೇಲೆ ಕೂತು ಯಾರಿಗೋ ಹೆಸರುಬೇಳೆ ಕಟ್ಟಿಸುತ್ತಿದ್ದವರು ತಲೆಯೆತ್ತಿದಾಗ ಬೀಗತಿ ಬರುವುದು ಕಂಡಿತು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಕ್ಯಾನು, ಕಂಕುಳಲ್ಲಿ ಕೋಲು. ಸ್ಟ್ಯಾಂಡಿನ ಕಡೆಯಿಂದ ನೆಟ್ಟಗೆ, ಬಿರಬಿರನೆ ಬರುತ್ತಿದ್ದರು. ಎದುರು ಬಂದ ಸೈಕಲ್ಲಿಗೆ ಚಟ್ಟನೆ ಪಕ್ಕಕ್ಕೆ ಸರಿದರು. ಓಣಿಯ ತಿರುವಿಗೆ ಬಂದವರೇ ನಿಂತು, ಡಬ್ಬಿ ಕ್ಯಾನು ಎರಡನ್ನೂ ಒಂದೇ ಕೈಗೆ ಹಾಕಿಕೊಂಡು, ಸೆರಗು ತಲೆಗೆಳೆದು, ಕಂಕುಳ ಕೋಲನ್ನು ನೆಲಕ್ಕೆ ಊರಿದರು. ಅಲ್ಲಿಂದ ಮುಂದೆ ಒಂದು ಕಾಲು ಎಳೆಯುತ್ತ ಕುಂಟತೊಡಗಿದರು.

ಮನ್ಮಥಪ್ಪನವರಿಗೆ ನಗು ಬಂತು. ಆಮೇಲೆ ಅರ್ಥವಾಗಿ ಮನಸ್ಸು ಮೆತ್ತಗಾಯಿತು. ಆ ಕಡೆಯ ಮನೆತನಗಳಲ್ಲಿ ಹೆಣ್ಣು ಕೊಟ್ಟ ತಾಯಿ ಗಂಡಿನ ತಾಯಿಗಿಂತ ಒಂದು ಮೆಟ್ಟಿಲು ಕೆಳಗೆ ಇರುವುದು ರೀತಿ. ಅವರು ಕೂತ ಮೇಲೆ ಕೂರಬೇಕು, ಅವರು ಉಂಡ ಮೇಲೆ ಉಣ್ಣಬೇಕು, ಎಲ್ಲಿಗೆ ಹೊರಟರೂ ಅವರ ಹಿಂದೆಯೇ ನಡೆಯಬೇಕು. ಗಂಡಿನ ತಾಯಿ ವಾಕರು ಹಿಡಿದಿರುವಾಗ ಹೆಣ್ಣಿನ ತಾಯಿ ಕೈ ಬೀಸಿಕೊಂಡು ಹೇಗೆ ಒಳಗೆ ಬಂದಾಳು? ಮನ್ಮಥಪ್ಪನವರು ಮುಖ ತಿರುಗಿಸಿ, ಏನೂ ಕಾಣದವರಂತೆ ತಕ್ಕಡಿ ನೋಡಿದರು.

ಪಡಸಾಲೆಯಲ್ಲಿ ಕುಸುಮಬಾಯಿ ಬಂದವರ ಮುಖ ನೋಡಲಿಲ್ಲ, ಕಾಲು ನೋಡಿದರು.

"ಬರ್ರಿ ವಿಹಿಣಬಾಯಿ," ಎಂದರು. ಬೀಗತಿಗೆ ಅಲ್ಲಿ ಮರಾಠಿಯ ಆ ಹೆಸರೇ ರೂಢಿ. "ಕೋಲ ಬಿಟ್ಟೀರಿ ಅಂತ ಕೇಳಿದ್ದೆ?"

"ಎಲ್ಲೀದು ಬಿಡೋದ್ರಿ," ರಂಭಾಬಾಯಿ ಗೋಡೆ ಹಿಡಿದು ಮೆಲ್ಲಗೆ ಕೂತರು. "ನಾಕ ಹೆಜ್ಜಿ ಇಟ್ರ ಜೀವಾ ಹೋಗ್ತದ. ಕೋಲಿಲ್ಲದ ಬಚ್ಚಲಿಗಿ ಸುದಾ ಆಗಲ್ಲ."

"ಪೂರಾ ಹಾಕ್ಯಾರಲ್ಲ ನಿಮಗ?"

"ಪೂರಾ ಆದ್ರೇನ್ರಿ, ಅರ್ಧಾ ಆದ್ರೇನ್ರಿ. ಕಬ್ಬಣ ಕಬ್ಬಣೇ."

ಮಂಗಲಾ ಚಹಾದ ಕಪ್ಪುಗಳನ್ನು ಹಿಡಿದು ನಿಂತೇ ಇದ್ದಳು. ಕುಸುಮಬಾಯಿ ಸೊಸೆಯತ್ತ ನಿಧಾನವಾಗಿ ತಿರುಗಿದರು. "ಹೊಲಕ್ಕ ಬುತ್ತಿ ಒಯ್ಲತ್ತಾಳ ಅಂದಿದ್ದೆಲ್ಲ? ನನಗ ನಡಸಲಿಕ್ಕಿ ಸುಳ್ಳ ಹೇಳ್ದಿ ಏನು?"

ಮಂಗಲಾ ತಾಯಿಯ ಮುಖ ನೋಡಿದಳು. ತಾಯಿ ಚಹಾ ಆರಿಸುತ್ತಿದ್ದರು.

ಅಡುಗೆಮನೆಯಲ್ಲಿ ಭಜ್ಜಿ ಬಿಸಿಗಿಟ್ಟು ಮಂಗಲಾ ಪಿಸುಗುಟ್ಟಿದಳು, "ಅವ್ವಾ, ಇದೇನ ನಾಟಕಾ? ನನಗ ಸುಳ್ಳಿ ಮಾಡ್ದಿ."

"ಮೆಲ್ಲಗ ಮಾತಾಡು. ಅವರು ಹಾಸಗಿ ಮ್ಯಾಲ ಇರದಾಗ ನಾ ಅವರ ಮುಂದ ಟಕಟಕ ನಡದರ ಛಂದ ಕಾಣ್ತದೇನು? ಅವರ ಹೊಟ್ಟಿ ಸುಡಲ್ಲೇನು? ನಿನ್ನ ಮ್ಯಾಲೇ ಬರ್ತದ ಅದು."

"ಈಗ ಬಂದದಲ್ಲ!"

"ಇದು ನಾಕ ದಿನದ್ದು. ನನ್ನ ಆಣಿ ಅದ ನೋಡು, ಹೇಳಬ್ಯಾಡ. ಹೇಳ್ದರ ನಾ ಮತ್ತ ಈ ಮನಿ ಮೆಟ್ಟಲಾ ಹತ್ತಲ್ಲ."

ರಂಭಾಬಾಯಿ ಸಂಜೆಯ ಬಸ್ಸಿಗೆ ಹೋದರು. ಕುಸುಮಬಾಯಿ ಆ ದಿನ ಅಂಗಳಕ್ಕೆ ಇಳಿಯಲಿಲ್ಲ. ಮರುದಿನವೂ ಇಳಿಯಲಿಲ್ಲ.

ಸಿಟ್ಟಿದ್ದಾಗ ನಡೆದವರು ಈಗ ಶಾಂತವಾಗಿಬಿಟ್ಟರು. ಮನೆಯವರಿಗೆ ಹೆದರಿಕೆ ಹುಟ್ಟಿಸಿದ್ದು ಆ ಶಾಂತಿಯೇ. ಸೊಸೆಯ ಮೇಲೆ ಕೂಗಾಟವಿಲ್ಲ, ಉಪ್ಪು ಕಡಿಮೆಯೆಂಬ ದೂರಿಲ್ಲ. ಮಂಗಲಾ ಪುಂಡಿಪಲ್ಲೆಗೆ ಶೇಂಗಾದ ಒಗ್ಗರಣೆ ಹಾಕಿ ಕೊಟ್ಟರೂ, "ಇರ್ಲಿ ಬಿಡವಾ" ಎಂದು ಎರಡು ತುತ್ತು ತಿಂದು ಮಲಗುತ್ತಿದ್ದರು. ಬಚ್ಚಲಿಗೆ ಹೋಗಬೇಕಾಗುತ್ತದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ಹಿಂದೆ ಆ ಸೀಮೆಯಲ್ಲಿ ದೊಡ್ಡ ಭೂಕಂಪವಾದ ಬೆಳಗಿನ ಜಾವ ಮನೆಮಂದಿಯನ್ನೆಲ್ಲ ರಟ್ಟೆ ಹಿಡಿದು ಬಯಲಿಗೆ ಎಳೆದು ಹಾಕಿದ ಹೆಂಗಸು ಈಗ ಮಗ್ಗುಲು ತಿರುಗಲೂ ಇನ್ನೊಬ್ಬರ ದಾರಿ ನೋಡುತ್ತಿದ್ದರು.

ಯೋಗಿತಾ ಬಂದು ಕಾಲು ಮುಟ್ಟಿ ನೋಡಿ ಹುಬ್ಬು ಗಂಟಿಕ್ಕಿದಳು. "ಆಜಿ, ತೊಡೆ ಸಣ್ಣಗಾಗಿದೆ. ಹೊಸ ಗುಂಡು ಎಷ್ಟು ಗಟ್ಟಿಯಿದ್ದರೇನು, ಅದನ್ನು ಎತ್ತುವುದು ನಿಮ್ಮ ಮಾಂಸಖಂಡ. ಏಳಿ."

"ನಮ್ಮ ವಿಹಿಣಬಾಯಿ ಪೂರಾ ಹಾಕ್ಸ್ಯಾಳವಾ. ಶ್ರಾವಣದಾಗ. ಆಕಿಗೇ ಏಳಲಿಕ್ಕಿ ಬರಲ್ಲ. ನಂದೇನ ಹಚ್ಚಿ?"

ಆ ರಾತ್ರಿಯ ಊಟದಲ್ಲಿ ರವಿಕಾಂತ ಹೆಂಡತಿಯ ಮೇಲೆ ಹರಿಹಾಯ್ದ. "ನಿಮ್ಮವ್ವ ಅರಾಮ ಆಗ್ಯಾಳ ಅಂತ ಯಾಕ ಹೇಳ್ಬೇಕಿತ್ತು ನೀನು? ಈಗ ನೋಡು, ಅವ್ವ ಯಾರ ಮಾತೂ ನಂಬವಲ್ಲಳು."

ಮಂಗಲಾ ತಾಟು ನೋಡುತ್ತ ಕೂತಳು. ಕಣ್ಣಲ್ಲಿ ನೀರು ತುಂಬಿತು, ಆದರೆ ತಾಯಿಯ ಆಣೆ ಇತ್ತು.

"ಅಪ್ಪಾ, ಮಮ್ಮಿಗಿ ಯಾಕ ಬೈತಿ?" ಎಂದಳು ಸಪನಾ. "ಆಕಿ ಸುಳ್ಳ ಹೇಳಾಕಿ ಅಲ್ಲ."

ಮನ್ಮಥಪ್ಪನವರು ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿದರು. ಮಾನವಂತ ಹೆಂಗಸೊಬ್ಬಳು ಮಾನಕ್ಕಾಗಿ ಮಾಡಿದ್ದನ್ನು ತಾನು ಬಯಲು ಮಾಡುವುದು ಹೇಗೆಂದು ಅವರು ಇಷ್ಟು ದಿನ ಸುಮ್ಮನಿದ್ದರು. ಆ ಹೊತ್ತಿಗೂ ನೀರು ಕುಡಿದು ಎದ್ದುಹೋದರು.

ಸಂಕ್ರಮಣ ಕಳೆದ ಮೇಲೆ ಸೊಲ್ಲಾಪುರದ ಡಾಕ್ಟರಿಗೆ ತೋರಿಸುವ ದಿನ ಬಂತು. ರವಿಕಾಂತ ಗಾಡಿ ನಡೆಸಿದ. ಮನ್ಮಥಪ್ಪನವರು ದುಕಾನು ಮುಚ್ಚಿ ಜೊತೆಗೆ ಹೊರಟರು. ಡಾಕ್ಟರು ಎಕ್ಸ್‌ರೇ ಫೋಟೊ ದೀಪಕ್ಕೆ ಹಿಡಿದು ನೋಡಿ, "ಛಾನ್, ಗುಂಡು ಚೆನ್ನಾಗಿ ಕೂತಿದೆ" ಎಂದರು. ಆಮೇಲೆ ಕುಸುಮಬಾಯಿಯ ತೊಡೆ ನೋಡಿ ದನಿ ತಗ್ಗಿಸಿದರು. "ಬಾಯಿ, ನೀವು ನಡೆಯುತ್ತಿಲ್ಲ."

"ಅರ್ಧಾ ಹಾಕಿದ್ರಿ, ಹ್ಯಾಂಗ ನಡೀಲಿ?"

ಡಾಕ್ಟರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಕುರ್ಚಿ ಹತ್ತಿರ ಎಳೆದುಕೊಂಡರು. "ನಿಮ್ಮ ಬಟ್ಟಲು ಚೆನ್ನಾಗಿತ್ತು, ಅದಕ್ಕೆ ಉಳಿಸಿದೆ. ಕೆಟ್ಟಿದ್ದರೆ ಪೂರಾ ಹಾಕುತ್ತಿದ್ದೆ. ಪೂರಾ ಹಾಕಿಸಿಕೊಳ್ಳುವವರು ಮೊದಲೇ ತಯಾರಾಗಿ ಬರುತ್ತಾರೆ, ನೀವು ಬಿದ್ದು, ನೋವಿನಲ್ಲಿ ಬಂದವರು. ಅವರಷ್ಟು ಬೇಗ ನಿಮಗೆ ಆಗುವುದಿಲ್ಲ, ಖರೆ. ಹೊರಗೆ ಹೋಗುವಾಗ ಕೋಲು ಕಡೆತನಕ ಬೇಕಾದೀತು. ಆದರೆ ಮನೆಯಲ್ಲಿ ನೀವೇ ಓಡಾಡಬಹುದು. ಈ ಒಂದೆರಡು ತಿಂಗಳು ಮಲಗಿದಿರೋ, ಆಮೇಲೆ ನಾನು ಏನೂ ಮಾಡಲಾರೆ. ಮಂಚವೇ ಗತಿ."

ವಾಪಸು ಬರುವಾಗ ಯೆಣೆಗೂರಿನ ಧಾಬಾದ ಮುಂದೆ ಚಹಾಕ್ಕೆ ನಿಲ್ಲಿಸಿದರು. ಕುಸುಮಬಾಯಿ ಗಾಡಿಯಲ್ಲೇ ಕೂತಿದ್ದರು. ರವಿಕಾಂತ ಚಹಾ ತರಲು ಹೋದಾಗ ಮನ್ಮಥಪ್ಪನವರು ಹೆಂಡತಿಯ ಪಕ್ಕದ ಬಾಗಿಲು ತೆಗೆದು ನಿಂತರು.

"ಒಂದ ಮಾತ ಹೇಳೋದದ. ಸಿಟ್ಟಿಗಿ ಬರಬ್ಯಾಡ."

"ನನಗೆಲ್ಲ್ಯದ ಸಿಟ್ಟು ಈಗ."

"ಎಳ್ಳಮಾಸಿ ಮರುದಿನ ವಿಹಿಣಬಾಯಿ ಬಂದರಲ್ಲ, ಓಣಿ ತಿರುವಿನ ತನಕ ಕೋಲು ಅವರ ಕಂಕುಳಾಗ ಇತ್ತು. ಸಪನಾನ ಗತೆ ನಡದು ಬಂದ್ರು. ತಿರುವಿನಾಗ ಕೋಲ ಊರಿ ಕುಂಟಿದ್ರು. ನಾ ಗಾದಿ ಮ್ಯಾಲ ಕುಂತು ನೋಡೀನಿ."

ಕುಸುಮಬಾಯಿ ಗಂಡನನ್ನೇ ನೋಡಿದರು. ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು.

"ಯಾಕ?"

"ನಿನ್ನ ಮನಸ್ಸಿಗಿ ನೋವಾಗ್ತದ ಅಂತ. ಹೆಣ್ಣ ಕೊಟ್ಟವರು."

"ನೀವು ಇಷ್ಟ ದಿನ ಯಾಕ ಬಾಯಿ ಮುಚಗೊಂಡ್ರಿ?"

"ಅವರ ಇಜ್ಜತ್ ಅಂತ."

"ಅವರ ಇಜ್ಜತ್, ನನ್ನ ಕಾಲು," ಎಂದರು ಕುಸುಮಬಾಯಿ. ಆಮೇಲೆ ಕೇಳಿದರು, "ಮಂಗಲಾಗ ಗೊತ್ತದೇನು?"

"ಗೊತ್ತಿರ್ಬೇಕು. ಆ ಹುಡುಗಿ ಯಾಕ ಹಂಗ ಗಂಟಲ ಕಟ್ಟಿದಂಗ ಕುಂದರ್ತಾಳ ಮತ್ತ?"

ರವಿಕಾಂತ ತಂದ ಚಹಾವನ್ನು ಕುಸುಮಬಾಯಿ ಪೂರ್ತಿ ಕುಡಿದರು.

ಆ ಸಂಜೆ ಮಂಗಲಾ ತಾಟು ತಂದಿಟ್ಟಾಗ ಕುಸುಮಬಾಯಿ ಮಂಚದ ಅಂಚು ತಟ್ಟಿದರು. "ನಿಂದೂ ತಾಟ ತಗೊಂಡ ಬಾ. ಇಲ್ಲೇ ಕುಂದರು."

"ಅವರದೆಲ್ಲಾ ಉಣ್ಣೋದಾಗ್ಲಿ ತಡೀರಿ ಅತ್ತಿ."

"ಅವರು ಕೈಯಾರ ಹಾಕ್ಕೋತಾರ. ನೀ ಸುಳ್ಳ ಹೇಳಿಲ್ಲ ಅಂತ ಗೊತ್ತಾಗ್ಯದ ನನಗ. ಬಾ, ಉಣ್ಣು."

ಮಂಗಲಾ ನಿಂತಲ್ಲೇ ಸೆರಗಿನಿಂದ ಮುಖ ಒತ್ತಿಕೊಂಡಳು. "ಅಳ್ತಿ ಯಾಕ? ಬ್ಯಾಳಿ ಆರಲತ್ತದ," ಎಂದು ಕುಸುಮಬಾಯಿ ಗದರಿದರು. ಊಟವಾದ ಮೇಲೆ ಮೊಮ್ಮಗಳನ್ನು ಕರೆದು ವಲಾಂಡಿಗೆ ಫೋನು ಹಚ್ಚಿಸಿದರು.

"ವಿಹಿಣಬಾಯಿ, ನಾಳಿಗಿ ಬರ್ರಿ. ಮತ್ತ ಕೋಲ ಮನ್ಯಾಗ ಬಿಟ್ಟು ಬರ್ರಿ."

ಮರುಮಾತಿಗೆ ಕಾಯದೆ ಫೋನನ್ನು ಸಪನಾಳ ಕೈಗೆ ಕೊಟ್ಟರು.

ರಂಭಾಬಾಯಿ ಮರುದಿನ ಬಂದರು. ಕೈಯಲ್ಲಿ ಕೋಲಿರಲಿಲ್ಲ, ಹಸಿ ಕಡಲೆಯ ಒಂದು ಕಟ್ಟು ಇತ್ತು. ಹೊಸ್ತಿಲಲ್ಲೇ ನಿಂತರು.

"ಆ ನಳದ ತನಕ ನಡದು ತೋರಸ್ರಿ," ಎಂದರು ಕುಸುಮಬಾಯಿ ಕುರ್ಚಿಯಲ್ಲಿ ಕೂತು.

ರಂಭಾಬಾಯಿ ಕಡಲೆಯ ಕಟ್ಟನ್ನು ಮಗಳ ಕೈಗೆ ಕೊಟ್ಟು ಅಂಗಳ ದಾಟಿ ನಳ ಮುಟ್ಟಿ ಬಂದರು. ಹೆಜ್ಜೆ ಒಂದೇ ಸಮ ಇತ್ತು. ತಲೆ ಮಾತ್ರ ತಗ್ಗಿತ್ತು.

"ತಪ್ಪಾಯ್ತ್ರಿ."

"ತಪ್ಪಿನ ಮಾತ ಆಮ್ಯಾಲ. ನೀವು ಕುಂಟದಾಗ ನಾ ಏನ ತಿಳ್ಕೊಂಡೆ ಗೊತ್ತದೇನು? ಪೂರಾ ಹಾಕ್ಸಿದಾಕಿನೇ ಹಿಂಗಾದ್ರ ನನ್ನ ಕಥಿ ಮುಗೀತು ಅಂತ. ಹಾಸಗಿ ಹಿಡದೆ. ಸೊಸಿಗಿ ಸುಳ್ಳಿ ಅಂದೆ."

"ನಾ ಹೆಣ್ಣಿನ ತಾಯಿ. ನಿಮಗಿಂತ ಜೋರ ನಡದರ ಹ್ಯಾಂಗ್ರಿ, ವಿಹಿಣಬಾಯಿ?"

"ಹೆಣ್ಣ ಕೊಟ್ಟು ಎಷ್ಟ ವರ್ಷಾತು? ಆ ಹೆಣ್ಣಿನ ಮಗಳು ಕಾಲೇಜಿಗಿ ಹೋಗ್ಲತ್ತಾಳ. ಇನ್ನ ಎಷ್ಟ ದಿನ ನನ್ನ ಹಿಂದ ನಿಂದರ್ತೀರಿ? ಮಂಗಲಾ, ವಾಕರ ತಾ."

ಏಳುವುದೇ ದೊಡ್ಡ ಕೆಲಸವಾಯಿತು. ಕುರ್ಚಿಯ ಕೈಗಳನ್ನು ಒತ್ತಿ ಎದ್ದು, ಮತ್ತೆ ಕುಕ್ಕರಿಸಿ, ಇನ್ನೊಮ್ಮೆ ಎದ್ದರು. ಕಾಲು ನಡುಗುತ್ತಿತ್ತು. ಮಂಗಲಾ ಮುಂದೆ ಬಂದವಳು ಅತ್ತೆಯ ಮುಖ ನೋಡಿ ಕೈ ಹಿಂದೆ ತೆಗೆದಳು.

ಅಂಗಳ ದಾಟಿ ಓಣಿಗೆ ಬಂದಾಗ ಕುಸುಮಬಾಯಿ ಗದ್ದದಿಂದ ಮುಂದಕ್ಕೆ ತೋರಿಸಿದರು. "ನೀವು ಮುಂದ ನಡೀರಿ."

"ಅಯ್ಯ, ನಾ ಮುಂದಾ? ಮಂದಿ ಏನ ಅಂತಾರ?"

"ಮಂದಿ ಕಾಲ ಮುರದಿಲ್ಲ. ನೀವು ಹ್ಯಾಂಗ ಹೆಜ್ಜಿ ಇಡ್ತೀರಿ, ನನಗ ಕಾಣಬೇಕು. ನಡೀರಿ."

ರಂಭಾಬಾಯಿ ಸೆರಗು ಸರಿಮಾಡಿಕೊಂಡು ಮುಂದೆ ಹೊರಟರು. ರೂಢಿ ಬಿಡದೆ ಎರಡು ಹೆಜ್ಜೆಗೊಮ್ಮೆ ತಡೆದು ಹಿಂದೆ ನೋಡುತ್ತಿದ್ದರು. ಹಾಗೆ ನೋಡಿದಾಗಲೆಲ್ಲ ಕುಸುಮಬಾಯಿ, "ಮುಂದ, ಮುಂದ" ಎನ್ನುತ್ತಿದ್ದರು. ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ನೆರೆಮನೆಯ ಗುಂಡಮ್ಮ ಮೊರ ಬಿಟ್ಟು ನೋಡಿದಳು.

"ಇದೇನ್ರೀ ಕುಸುಮಬಾಯಿ, ಹೆಣ್ಣಿನವರು ಮುಂದ, ಗಂಡಿನವರು ಹಿಂದ?"

"ಆಕಿ ನನಗಿಂತ ಮೊದಲ ಕಲತಾಳ, ಗುಂಡಮ್ಮಾ. ನಾ ಈಗ ಕಲೀಲತ್ತೀನಿ."

ವಿದ್ಯುತ್ ಕಂಬದ ಹತ್ತಿರ ಬಂದಾಗ ಕುಸುಮಬಾಯಿಯ ಉಸಿರು ಸಾಲದಾಯಿತು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಅವರು ನಿಂತರು. ಹಿಂದೆ ವಾಕರಿನ ಸಪ್ಪಳ ನಿಂತದ್ದು ಕೇಳಿ ರಂಭಾಬಾಯಿ ಗಕ್ಕನೆ ತಿರುಗಿದರು. ಹಿಡಿಯಲು ಕೈ ಮುಂದಾಯಿತು, ಕುಸುಮಬಾಯಿಯತ್ತ ಒಂದು ಹೆಜ್ಜೆಯನ್ನೂ ಇಟ್ಟರು.

"ಬರಬ್ಯಾಡ್ರಿ," ಎಂದರು ಕುಸುಮಬಾಯಿ. "ಅಲ್ಲೇ ನಿಂದರ್ರಿ."

ಅವರು ವಾಕರಿನ ಮೇಲೆ ಬಾಗದೆ, ನೆಟ್ಟಗೆ ನಿಂತು ಉಸಿರು ತೆಗೆದುಕೊಂಡರು.

"ನಾ ಬರ್ತೀನಿ."